ಬೆರಳಿಗೆ ಓಗೊಡದ ಫಲಕ



ಆಷಾಢದ ಮಳೆ ಹಿಡಿದು ಹದಿನೈದು ದಿನ ಕಳೆಯಿತೆಂದರೆ ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಬಾಗಿಲುಗಳು ಬಿಗಿಯತೊಡಗುತ್ತವೆ. ಮರ ನೀರು ಕುಡಿದು ಉಬ್ಬುತ್ತದೆ, ದಾರಂದಕ್ಕೆ ಕಚ್ಚಿಕೊಳ್ಳುತ್ತದೆ. ಹಾಗೆಂದು ಮನೆಯೇ ಕುಸಿಯಿತೆಂದು ಯಾರೂ ತಿಳಿಯುವುದಿಲ್ಲ. ಎಲ್ಲಿ ಕಚ್ಚಿದೆಯೆಂದು ನೋಡಿ, ಆಚಾರಿಯನ್ನು ಕರೆಸಿ, ಅಷ್ಟೇ ಜಾಗಕ್ಕೆ ಕೀಸುಳಿ ಹಾಕಿಸುತ್ತಾರೆ. ಬಾಗಿಲಿನ ವಿಷಯದಲ್ಲಿ ಹಿರಿಯರಿಂದ ನಮಗೆ ಬಂದಿರುವ ಈ ವಿವೇಕ ಮೇಜಿನ ಮೇಲಿನ ಲ್ಯಾಪ್‌ಟಾಪಿನ ವಿಷಯದಲ್ಲಿ ಮಾತ್ರ ಏಕೋ ನೆರವಿಗೆ ಬರುವುದಿಲ್ಲ. ಕೀಲಿಮಣೆಯ ಕೆಳಗೆ ಅಂಗೈಯಗಲದ ಒಂದು ನುಣುಪಾದ ಫಲಕವಿದೆಯಷ್ಟೆ. ಟಚ್‌ಪ್ಯಾಡ್ ಎಂದು ನಾವೆಲ್ಲರೂ ಕರೆಯುವ ಆ ಸ್ಪರ್ಶಫಲಕ ಒಂದು ಬೆಳಿಗ್ಗೆ ಬೆರಳಿಗೆ ಓಗೊಡದೆ ಸುಮ್ಮನಾಯಿತೆಂದರೆ, ಯಂತ್ರವೇ ಸತ್ತಿತೆಂದು ಭಾವಿಸುವವರು ಅನೇಕರು. ಮೊದಲು ಮೆಲ್ಲಗೆ ಉಜ್ಜುತ್ತಾರೆ, ಅನಂತರ ಒತ್ತುತ್ತಾರೆ, ಕೊನೆಗೆ ಗುದ್ದುತ್ತಾರೆ. ಅಷ್ಟಕ್ಕೂ ಅದು ಏಳದಿದ್ದರೆ ಒಂದೋ ಅಂಗಡಿಗೆ ಹೊರುತ್ತಾರೆ, ಇಲ್ಲವೇ ಅಟ್ಟಕ್ಕೆ ಏರಿಸುತ್ತಾರೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರು ಊರುಗಳ ನಡುವೆ ಓಡಾಡಿಕೊಂಡಿರುವ ನಾನು ಈ ಒಂದೇ ಬಗೆಯ ಮೌನವನ್ನು ಮೂರು ಊರುಗಳಲ್ಲಿ ಕಂಡಿದ್ದೇನೆ. ಮೂರು ಕಡೆಯೂ ಕಾರಣ ಬೇರೆ ಬೇರೆ. ಲಕ್ಷಣ ಒಂದೇ ಆಗಿದ್ದು ರೋಗ ಬೇರೆಯಾದಾಗ ವೈದ್ಯನಿಗೆ ಬೇಕಾದುದು ಔಷಧದ ಪೆಟ್ಟಿಗೆಗಿಂತ ಹೆಚ್ಚಾಗಿ ಪ್ರಶ್ನೆ ಕೇಳುವ ಕ್ರಮ. ಆ ಕ್ರಮವನ್ನು ಕುರಿತು ಈ ಹೊತ್ತು ನಾಲ್ಕು ಮಾತು ಆಡಬಯಸುತ್ತೇನೆ.

ಈ ಫಲಕ ಎಲ್ಲಿಂದ ಬಂತೆಂಬುದನ್ನು ಮೊದಲು ತಿಳಿಯೋಣ. ಅಮೆರಿಕದ ಡಗ್ಲಸ್ ಎಂಗೆಲ್‌ಬಾರ್ಟ್ ಮತ್ತು ಅವರ ಸಂಗಡಿಗರು 1964ರಲ್ಲಿ ಮರದ ಒಂದು ಪುಟ್ಟ ಪೆಟ್ಟಿಗೆಗೆ ಚಕ್ರ ಜೋಡಿಸಿ, ಪರದೆಯ ಮೇಲಿನ ಗುರುತನ್ನು ಕೈಯಿಂದ ನಡೆಸುವ ಉಪಾಯ ಕಂಡುಹಿಡಿದರು. 1968ರ ಡಿಸೆಂಬರ್ 9ರಂದು ಸಾನ್‌ಫ್ರಾನ್ಸಿಸ್ಕೊ ನಗರದಲ್ಲಿ ಅದನ್ನು ವಿದ್ವಾಂಸರ ಸಭೆಯ ಮುಂದೆ ಪ್ರದರ್ಶಿಸಿದರು. ಅದೇ ಮುಂದೆ ಮೌಸ್ ಎಂದು ಮನೆಮಾತಾಯಿತು. ಆದರೆ ಮೌಸ್ ಓಡಾಡಲು ಒಂದು ಮೇಜು ಬೇಕು. ಕಂಪ್ಯೂಟರ್ ತೊಡೆಯ ಮೇಲೆ ಬಂದು ಕುಳಿತಾಗ ಮೇಜಿಲ್ಲದ ಮೌಸಿನ ಅಗತ್ಯ ತಲೆದೋರಿತು. 1988ರಲ್ಲಿ ಜಾರ್ಜ್ ಗೆರ್‌ಫೈಡ್ ಎಂಬ ವಿಜ್ಞಾನಿ ವಿದ್ಯುದ್ಧಾರಕತೆಯ ತತ್ತ್ವದಿಂದ ಕೆಲಸ ಮಾಡುವ ಸ್ಪರ್ಶಫಲಕವನ್ನು ರೂಪಿಸಿದರು. 1994ರಲ್ಲಿ ಆಪಲ್ ಕಂಪನಿಯ ಪವರ್‌ಬುಕ್ 500 ಸಾಲಿನ ಯಂತ್ರಗಳಲ್ಲಿ ಅದು ಕಾಣಿಸಿಕೊಂಡ ಮೇಲೆ ಇತರರೂ ಅದೇ ಹಾದಿ ಹಿಡಿದರು. ಇದೇ ಕ್ಷೇತ್ರದಲ್ಲಿ ಹೆಸರಾದ ಸಿನಾಪ್ಟಿಕ್ಸ್ ಎಂಬ ಸಂಸ್ಥೆಯನ್ನು 1986ರಲ್ಲಿ ಕಟ್ಟಿದವರು ಫೆಡೆರಿಕೊ ಫಜಿನ್ ಮತ್ತು ಕಾರ್ವರ್ ಮೀಡ್. 1971ರಲ್ಲಿ ಹೊರಬಂದ ಇಂಟೆಲ್ 4004 ಎಂಬ ಮೈಕ್ರೊಪ್ರೊಸೆಸರನ್ನು ರೂಪಿಸಿದವರಲ್ಲಿ ಫಜಿನ್ ಪ್ರಮುಖರು. ಮೆದುಳಿನ ನರಜಾಲವನ್ನು ಅನುಕರಿಸುವ ವಿದ್ಯುನ್ಮಂಡಲಗಳನ್ನು ರಚಿಸಬೇಕೆಂದು ಹೊರಟ ಸಂಸ್ಥೆ ಬೆರಳಿನ ಸ್ಪರ್ಶವನ್ನು ಗುರುತಿಸುವ ಫಲಕಕ್ಕೆ ಬಂದು ನಿಂತದ್ದು ಒಂದು ಸ್ವಾರಸ್ಯದ ಸಂಗತಿ.

ಈಗ ಅದರ ಒಳಗನ್ನು ನೋಡೋಣ. ನಮ್ಮ ಹಿರಿಯರು ತಾಳೆಗರಿಯ ಮೇಲೆ ಬರೆಯುವಾಗ ಸಾಮಾನ್ಯವಾಗಿ ಕಬ್ಬಿಣದ ಲೇಖನಿಯಿಂದ ಕೊರೆದು, ಕೊರೆದ ಗೆರೆಗೆ ಮಸಿ ತೀಡುತ್ತಿದ್ದರು. ಅಲ್ಲಿ ಒತ್ತಡವೇ ಅಕ್ಷರ. ಟಚ್‌ಪ್ಯಾಡಿನ ಸ್ವಭಾವ ಇದಕ್ಕೆ ತೀರ ವಿರುದ್ಧವಾದುದು. ಗುರುತನ್ನು ಚಲಿಸುವ ಕೆಲಸಕ್ಕೆ ಅದು ಒತ್ತಡವನ್ನು ಲೆಕ್ಕಿಸುವುದೇ ಇಲ್ಲ. ಅದರ ನುಣುಪಾದ ಮೇಲ್ಮೈಯ ಅಡಿಯಲ್ಲಿ ಚಾಪೆಯ ಹೆಣಿಗೆಯಂತೆ ಅಡ್ಡಡ್ಡ, ಉದ್ದುದ್ದ ತೆಳುವಾದ ಲೋಹದ ಪಟ್ಟಿಗಳಿವೆ. ಅಡ್ಡಪಟ್ಟಿಗೂ ಉದ್ದಪಟ್ಟಿಗೂ ನಡುವೆ ಅತ್ಯಲ್ಪವಾದ ವಿದ್ಯುತ್ ಕ್ಷೇತ್ರವೊಂದು ಸದಾ ನೆಲಸಿರುತ್ತದೆ. ನಮ್ಮ ದೇಹ ಉಪ್ಪುನೀರಿನ ಭಾಂಡ. ವಿದ್ಯುತ್ತಿಗೆ ಅದೊಂದು ವಾಹಕ. ಬೆರಳು ಹತ್ತಿರ ಬಂದೊಡನೆ ಆ ಕ್ಷೇತ್ರದ ಒಂದು ಪಾಲು ಬೆರಳಿನ ಕಡೆಗೆ ಹರಿದುಹೋಗುತ್ತದೆ. ಹೀಗೆ ಉಂಟಾಗುವ ವ್ಯತ್ಯಾಸ ಒಂದು ಪಿಕೋಫ್ಯಾರಡ್ಡಿನ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಫ್ಯಾರಡ್ ಎಂಬ ಮಾನದ ಲಕ್ಷ ಕೋಟಿಯಲ್ಲಿ ಒಂದು ಪಾಲು. ಅಷ್ಟು ಸೂಕ್ಷ್ಮವಾದುದನ್ನು ಒಂದು ಪುಟ್ಟ ಚಿಪ್ಪು ಸೆಕೆಂಡಿಗೆ ಹತ್ತಾರು ಬಾರಿ ಅಳೆದು, ಬೆರಳು ಯಾವ ಅಡ್ಡಪಟ್ಟಿಯ, ಯಾವ ಉದ್ದಪಟ್ಟಿಯ ಮೇಲಿದೆಯೆಂದು ಲೆಕ್ಕಹಾಕಿ, ಸಣ್ಣದೊಂದು ಪಟ್ಟಿತಂತಿಯ ಮೂಲಕ ಕಂಪ್ಯೂಟರಿಗೆ ಹೇಳಿಕಳುಹಿಸುತ್ತದೆ. ಅಲ್ಲಿ ಡ್ರೈವರ್ ಎಂಬ ತಂತ್ರಾಂಶ ಆ ಸುದ್ದಿಯನ್ನು ಓದಿ ಪರದೆಯ ಬಾಣವನ್ನು ನಡೆಸುತ್ತದೆ.

ಎಂದ ಮೇಲೆ, ಬೆರಳಿನಿಂದ ಬಾಣದವರೆಗೆ ಐದು ಕೊಂಡಿಗಳಾದವು: ಬೆರಳು, ಫಲಕ, ತಂತಿ, ತಂತ್ರಾಂಶ ಮತ್ತು ಇವುಗಳಿಗೆ ಅಪ್ಪಣೆ ಕೊಡುವ ಅಥವಾ ತಡೆಯುವ ಒಂದು ಗುಂಡಿ. ಯಾವ ಕೊಂಡಿ ಕಳಚಿದರೂ ಹೊರಗೆ ಕಾಣುವ ಮೌನ ಒಂದೇ. ಒತ್ತುವುದರಿಂದ, ಗುದ್ದುವುದರಿಂದ ಈ ಐದರಲ್ಲಿ ಒಂದೂ ಸರಿಹೋಗುವುದಿಲ್ಲ. ಆದ್ದರಿಂದ ವಿವೇಕದ ಹಾದಿಯೆಂದರೆ ಖರ್ಚಿಲ್ಲದ, ಮಾಡಿದ್ದನ್ನು ಹಿಂದೆಗೆದುಕೊಳ್ಳಬಹುದಾದ ಪರೀಕ್ಷೆಗಳನ್ನು ಮೊದಲು ಮುಗಿಸಿ, ತಿರುಪುಳಿ ಹಿಡಿಯುವ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳುವುದು. ಇದಕ್ಕೆ ಅಪವಾದ ಒಂದೇ ಒಂದು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಅದು ಪ್ರಾಣದ ಪ್ರಶ್ನೆ.

ಮೂಡುಬಿದಿರೆಯಲ್ಲಿ ಶಾಸನಗಳ ಪಾಠವನ್ನು ಕಂಪ್ಯೂಟರಿಗೆ ಏರಿಸುತ್ತಿದ್ದ ಹಿರಿಯರೊಬ್ಬರ ಮನೆಗೆ ಹೋಗಿದ್ದೆ. ಅವರ ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಕೆಲವು ವಾರಗಳಿಂದ ಒತ್ತಿದರೆ ಟಕ್ಕೆನ್ನುತ್ತಿರಲಿಲ್ಲವಂತೆ. ಯಂತ್ರ ಸರಿಯಾಗಿ ಮುಚ್ಚುವುದೂ ಇಲ್ಲವೆಂದು, ಅದರ ಮೇಲೆ ಎರಡು ದಪ್ಪ ನಿಘಂಟುಗಳನ್ನು ಹೇರಿಟ್ಟಿದ್ದರು. ನಾನು ಅದನ್ನು ಎತ್ತಿ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ. ಫಲಕದ ನಡುಭಾಗ ಹಪ್ಪಳದಂತೆ ಉಬ್ಬಿತ್ತು. ಕೆಳಗಿನ ಹೊದಿಕೆಯ ಅಂಚು ಬಾಯಿಬಿಟ್ಟಿತ್ತು. ಅದು ಫಲಕದ ರೋಗವಲ್ಲ. ಫಲಕದ ಅಡಿಯಲ್ಲಿ ಮಲಗಿರುವ ಬ್ಯಾಟರಿಯದು. ಇಂದಿನ ತೆಳುವಾದ ಯಂತ್ರಗಳಲ್ಲಿ ಲಿಥಿಯಂ ಬ್ಯಾಟರಿಯನ್ನು ಮೆತ್ತಗಿನ ಚೀಲದಂಥ ಹೊದಿಕೆಯಲ್ಲಿ ತುಂಬಿ, ಅಂಗೈ ಊರುವ ಜಾಗದ ಕೆಳಗೇ ಇಟ್ಟಿರುವುದು ವಾಡಿಕೆ. ವಯಸ್ಸಾದಾಗ, ಬಹಳ ಕಾಯ್ದಾಗ, ಹಗಲಿರುಳೂ ಚಾರ್ಜರಿಗೆ ಕಟ್ಟಿಹಾಕಿ ಪೂರ್ತಿ ತುಂಬಿಯೇ ಇಟ್ಟಾಗ, ಒಳಗಿನ ರಾಸಾಯನಿಕ ದ್ರವ ಒಡೆದು ಅನಿಲವಾಗಿ ಚೀಲ ಉಬ್ಬುತ್ತದೆ. ಉಬ್ಬಿದ ಚೀಲ ಫಲಕವನ್ನು ಕೆಳಗಿನಿಂದ ನೂಕಿ ಅದರ ಗುಂಡಿಯನ್ನು ಕಚ್ಚಿಸುತ್ತದೆ. ಅದನ್ನು ಮೇಲಿನಿಂದ ಒತ್ತುವುದೂ ಚುಚ್ಚುವುದೂ ಬೆಂಕಿಯೊಡನೆ ಆಡಿದಂತೆ. ಒಳಗಿನ ಪದರಗಳು ಒಂದಕ್ಕೊಂದು ತಾಗಿದರೆ ಹೊತ್ತಿಕೊಳ್ಳಬಹುದು, ಆ ಬೆಂಕಿಯನ್ನು ಆರಿಸುವುದೂ ಕಷ್ಟ.

ಆದಕಾರಣ, ಟಚ್‌ಪ್ಯಾಡ್ ಮಾತಾಡದೆ ಇದ್ದಾಗ ಮೊದಲ ಪರೀಕ್ಷೆ ಕೈಯದಲ್ಲ, ಕಣ್ಣಿನದು. ಯಂತ್ರವನ್ನು ಸಪಾಟಾದ ಮೇಜಿನ ಮೇಲಿಟ್ಟು ನೋಡಿ. ಅದು ಅಲುಗಾಡುತ್ತದೆಯೆ? ಫಲಕ ಉಬ್ಬಿದೆಯೆ? ಅಂಚು ಬಿರಿದಿದೆಯೆ? ಒಂದಕ್ಕೆ ಹೌದೆಂದು ಉತ್ತರ ಬಂದರೂ ಚಾರ್ಜರನ್ನು ಕಿತ್ತು, ಯಂತ್ರವನ್ನು ಆರಿಸಿ, ಹಾಸಿಗೆ ಕಾಗದಗಳಿಂದ ದೂರವಾಗಿ ಸಿಮೆಂಟಿನ ಅಥವಾ ಹಂಚಿನ ನೆಲದ ಮೇಲಿಟ್ಟು, ಬಲ್ಲವರಿಂದ ಬ್ಯಾಟರಿ ಬದಲಾಯಿಸಿಕೊಳ್ಳಬೇಕು. ಹಳೆಯದನ್ನು ತೆಂಗಿನ ಬುಡಕ್ಕೆ ಎಸೆಯಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಮರಳಿ ಸಂಗ್ರಹಿಸುವ ಹೊಣೆ ಉತ್ಪಾದಕರದು. ಮಾರಿದವರಲ್ಲಿ ಕೇಳಿ ನೋಡಬಹುದು. ಮೂಡುಬಿದಿರೆಯ ಆ ಹಿರಿಯರ ಯಂತ್ರಕ್ಕೆ ಬೇರೆ ಬ್ಯಾಟರಿ ಬಂದ ದಿನವೇ ಟಚ್‌ಪ್ಯಾಡ್ ತಾನಾಗಿ ಸರಿಹೋಯಿತು. ನಿಘಂಟುಗಳು ಕಪಾಟಿಗೆ ಹಿಂದಿರುಗಿದವು.

ಕಣ್ಣಿನ ಪರೀಕ್ಷೆ ಮುಗಿದು, ಉಬ್ಬು ಇಲ್ಲವೆಂದು ಖಚಿತವಾದ ಮೇಲೆ ಗುಂಡಿಯ ವಿಚಾರಣೆ. ಇದಕ್ಕೆ ಬೆಳ್ತಂಗಡಿಯ ಒಂದು ಪ್ರಸಂಗವನ್ನು ನೆನೆಯುತ್ತೇನೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ವಿದ್ಯಾರ್ಥಿಗಳಿಗೆ ಸರ್ಕಾರದಿಂದ ಲ್ಯಾಪ್‌ಟಾಪ್ ಹಂಚಿದ್ದುಂಟಷ್ಟೆ. ಅಂಥ ಒಂದು ಯಂತ್ರ ಚಾರ್ಮಾಡಿ ರಸ್ತೆಯ ಬದಿಯ ಒಂದು ಮನೆಯಲ್ಲಿ ಅಕ್ಕನ ಕೈಯಿಂದ ತಂಗಿಯ ಕೈಗೆ ಬಂದಿತ್ತು. ರಾಜ್ಯ ವಿದ್ಯಾರ್ಥಿವೇತನದ ಪೋರ್ಟಲಿಗೆ ಅರ್ಜಿ ಸಲ್ಲಿಸಲು ಅಂದು ಕೊನೆಯ ದಿನ. ಟಚ್‌ಪ್ಯಾಡ್ ಸುಮ್ಮನಾಗಿತ್ತು. ಪೇಟೆಯ ಅಂಗಡಿಯೊಂದರಲ್ಲಿ ತೋರಿಸಿದ್ದಕ್ಕೆ, ಮದರ್‌ಬೋರ್ಡ್ ಹೋಗಿದೆ, ಏಳೆಂಟು ಸಾವಿರ ಬೇಕು ಎಂದಿದ್ದರು. ಆ ಮನೆಗೆ ಅದು ಸಣ್ಣ ಮೊತ್ತವಲ್ಲ. ನಾನು ಯಂತ್ರವನ್ನು ಸುತ್ತಲೂ ತಿರುಗಿಸಿ ನೋಡಿದಾಗ, ಬದಿಯ ತೂತಿನಲ್ಲಿ ಕಡಲೆಕಾಳಿನಷ್ಟು ದೊಡ್ಡ ಒಂದು ಕಪ್ಪು ತುಣುಕು ಕಚ್ಚಿಕೊಂಡಿತ್ತು. ಅಕ್ಕ ಯಾವಾಗಲೋ ಬಳಸುತ್ತಿದ್ದ ತಂತಿಯಿಲ್ಲದ ಮೌಸಿನ ರಿಸೀವರು ಅದು. ಮೌಸು ಕಳೆದುಹೋಗಿ ತಿಂಗಳುಗಳಾಗಿದ್ದವು. ರಿಸೀವರು ಅಲ್ಲೇ ಉಳಿದಿತ್ತು. ಮೌಸ್ ಸೇರಿಸಿದಾಗ ಟಚ್‌ಪ್ಯಾಡ್ ತಾನಾಗಿ ವಿರಮಿಸುವ ಏರ್ಪಾಡು ವಿಂಡೋಸಿನಲ್ಲಿ ಇದೆ. ತಂಗಿ ಹಿಂದಿನ ದಿನ ಏನನ್ನೋ ತಿದ್ದಲು ಹೋಗಿ, ತಿಳಿಯದೆ ಆ ಏರ್ಪಾಡನ್ನು ಎಚ್ಚರಿಸಿದ್ದಳು. ಯಜಮಾನನಿಲ್ಲದ ರಿಸೀವರನ್ನು ಯಂತ್ರ ಮೌಸೆಂದೇ ನಂಬಿ ಫಲಕವನ್ನು ಮಲಗಿಸಿತ್ತು. ತುಣುಕನ್ನು ಕಿತ್ತದ್ದೇ ತಡ, ಬಾಣ ಚಲಿಸಿತು. ಏಳೆಂಟು ಸಾವಿರದ ರೋಗಕ್ಕೆ ಉಗುರಿನ ಚಿಕಿತ್ಸೆ.

ಆದ್ದರಿಂದ ಎರಡನೆಯ ಪರೀಕ್ಷೆ ಇದು: ಸೇರಿಸಿರುವ ಮೌಸು, ರಿಸೀವರು ಎಲ್ಲವನ್ನೂ ತೆಗೆಯಿರಿ. ಕೀಲಿಮಣೆಯ ಮೇಲಿನ ಸಾಲಿನಲ್ಲಿ ಎಫ್-1ರಿಂದ ಎಫ್-12ರವರೆಗಿನ ಕೀಲಿಗಳಲ್ಲಿ, ಫಲಕದ ಚಿತ್ರವಿರುವ ಅಥವಾ ಅದರ ಮೇಲೆ ಗೆರೆ ಎಳೆದಿರುವ ಕೀಲಿಯೊಂದು ಅನೇಕ ಯಂತ್ರಗಳಲ್ಲಿ ಇರುತ್ತದೆ. ಎಫ್‌ಎನ್ ಎಂಬ ಕೀಲಿಯೊಡನೆ ಅದನ್ನು ಒತ್ತಿದರೆ ಫಲಕ ಮಲಗುತ್ತದೆ, ಮತ್ತೆ ಒತ್ತಿದರೆ ಏಳುತ್ತದೆ. ಕೀಲಿಮಣೆಯನ್ನು ಒರೆಸುವಾಗ, ಮಕ್ಕಳು ಆಡುವಾಗ ಅದು ಒತ್ತಿಹೋಗುವುದು ತೀರ ಸಾಮಾನ್ಯ. ಕೆಲವು ಯಂತ್ರಗಳಲ್ಲಿ ಫಲಕದ ಎಡಮೇಲಿನ ಮೂಲೆಯಲ್ಲಿ ಒಂದು ಚುಕ್ಕಿಯಿದ್ದು, ಅಲ್ಲಿ ಎರಡು ಬಾರಿ ತಟ್ಟಿದರೂ ಇದೇ ಪರಿಣಾಮ. ಇದರಿಂದಲೂ ಫಲ ಕಾಣದಿದ್ದರೆ ವಿಂಡೋಸ್ ಗುರುತಿನ ಕೀಲಿಯೊಡನೆ ಐ ಅಕ್ಷರವನ್ನು ಒತ್ತಿ ಸೆಟ್ಟಿಂಗ್ಸ್ ತೆರೆದು, ಬ್ಲೂಟೂತ್ ಅಂಡ್ ಡಿವೈಸಸ್ ಎಂಬಲ್ಲಿ ಟಚ್‌ಪ್ಯಾಡ್ ಚಾಲೂ ಇದೆಯೇ ಎಂದು ನೋಡಬೇಕು.

ಬಾಣವೇ ಚಲಿಸದಿರುವಾಗ ಇದನ್ನೆಲ್ಲ ತೆರೆಯುವುದು ಹೇಗೆಂದು ನೀವು ಕೇಳಬಹುದು. ಬಾಗಿಲು ಬಿಗಿದಿದ್ದರೇನು, ಹಿತ್ತಿಲ ಬಾಗಿಲು ಇದೆಯಲ್ಲ! ಕೀಲಿಮಣೆಯೇ ಆ ಹಿತ್ತಿಲ ಬಾಗಿಲು. ಟ್ಯಾಬ್ ಕೀಲಿ ನಿಮ್ಮನ್ನು ಒಂದು ಸ್ಥಾನದಿಂದ ಮುಂದಿನ ಸ್ಥಾನಕ್ಕೆ ಒಯ್ಯುತ್ತದೆ. ಶಿಫ್ಟ್ ಜೊತೆಗೂಡಿಸಿದರೆ ಹಿಂದಕ್ಕೆ ತರುತ್ತದೆ. ಸ್ಪೇಸ್ ಕೀಲಿ ಗುರುತು ಹಾಕುತ್ತದೆ, ಎಂಟರ್ ಕೀಲಿ ಒಪ್ಪಿಗೆ ಕೊಡುತ್ತದೆ. ಕಂಟ್ರೋಲ್ ಮತ್ತು ಎಸ್ ಕೂಡಿದರೆ ಬರೆದದ್ದು ಉಳಿಯುತ್ತದೆ. ಆಲ್ಟ್ ಮತ್ತು ಟ್ಯಾಬ್ ಕೂಡಿದರೆ ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹೋಗಬಹುದು. ಬೆಳ್ತಂಗಡಿಯ ಆ ಹುಡುಗಿಗೆ ಇಷ್ಟು ಮೊದಲೇ ಗೊತ್ತಿದ್ದರೆ ಅಂಗಡಿಯ ಮೆಟ್ಟಿಲು ಹತ್ತದೆಯೇ ಅರ್ಜಿ ಮುಗಿಸಬಹುದಿತ್ತು. ಕೀಲಿಮಣೆಯನ್ನು ನಾವು ಅನ್ಯರ ವಸ್ತುವೆಂದು ಭಾವಿಸಬೇಕಾಗಿಯೂ ಇಲ್ಲ. ಕನ್ನಡದ ಸಮಸ್ತ ಅಕ್ಷರಗಳನ್ನೂ ಒತ್ತಕ್ಷರಗಳನ್ನೂ ಇಂಗ್ಲಿಷಿನ 26 ಕೀಲಿಗಳ ಮೇಲೆ ಉಚ್ಚಾರಣೆಯ ಕ್ರಮದಲ್ಲಿ ಕೂಡಿಸಿ, ಕರ್ನಾಟಕ ಸರ್ಕಾರ ಮಾನ್ಯ ಮಾಡಿದ ವಿನ್ಯಾಸವನ್ನು ರೂಪಿಸಿದ ಕೆ. ಪಿ. ರಾವ್ ನಮ್ಮ ಜಿಲ್ಲೆಯ ಕಿನ್ನಿಕಂಬಳದವರೇ. ತಮ್ಮ ಕನ್ನಡ ತಂತ್ರಾಂಶಕ್ಕೆ ಅವರು ಇದೇ ಜಿಲ್ಲೆಯ ವಿದ್ವಾಂಸರಾದ ಸೇಡಿಯಾಪು ಕೃಷ್ಣ ಭಟ್ಟರ ಹೆಸರನ್ನು ಇಟ್ಟರು.

ಮೂರನೆಯ ವಿಚಾರಣೆ ನಮ್ಮ ಮನೆಯ ವಿದ್ಯುತ್ತಿನದು. ಟಚ್‌ಪ್ಯಾಡ್ ಪೂರ್ತಿ ಮೌನವಾಗದೆ ಕೆಲವೊಮ್ಮೆ ಹುಚ್ಚು ಹಿಡಿದಂತೆ ವರ್ತಿಸುತ್ತದೆ. ಬಾಣ ನಡುಗುತ್ತದೆ, ನೆಗೆಯುತ್ತದೆ, ಬೆರಳಿಟ್ಟರೂ ನಿಂತಲ್ಲೇ ನಿಲ್ಲುತ್ತದೆ. ಆಗ ಚಾರ್ಜರನ್ನು ಕಿತ್ತು ನೋಡಿ. ಕಿತ್ತ ಕೂಡಲೇ ಸರಿಹೋದರೆ ದೋಷ ಫಲಕದ್ದಲ್ಲ, ಚಾರ್ಜರಿನದು ಅಥವಾ ಭೂಸಂಪರ್ಕದ್ದು. ಚಾರ್ಜರಿನಿಂದ ಅತ್ಯಲ್ಪ ಪ್ರಮಾಣದಲ್ಲಿ ಸೋರುವ ವಿದ್ಯುತ್ತು ನೆಲಕ್ಕೆ ಇಳಿಯಲು ದಾರಿಯಿಲ್ಲದೆ ಯಂತ್ರದ ಮೈಯಲ್ಲೇ ಸುಳಿದಾಡುತ್ತಿರುತ್ತದೆ. ಪಿಕೋಫ್ಯಾರಡ್ಡನ್ನು ಅಳೆಯುವ ಫಲಕಕ್ಕೆ ಆ ಗದ್ದಲದಲ್ಲಿ ಬೆರಳಿನ ಪಿಸುಮಾತು ಕೇಳಿಸದೆ ಹೋಗುತ್ತದೆ. ಲೋಹದ ಮೈಯ ಯಂತ್ರವಾದರೆ ಅಂಗೈ ಊರಿದಾಗ ಜುಮ್ಮೆನ್ನುವುದೂ ಉಂಟು. ಮೂರು ಕಡ್ಡಿಯ ಪ್ಲಗ್ಗನ್ನು ಎರಡು ಕಡ್ಡಿಯ ತೂತಿಗೆ ಹೊಂದಿಸುವ ಅಗ್ಗದ ಮಧ್ಯವರ್ತಿಗಳು ಈ ತೊಂದರೆಗೆ ಮೂಲ. ಅರ್ತಿಂಗ್ ಗುಂಡಿಯೂ ಇನ್ನೊಂದು ಕಾರಣವಾಗಬಹುದು. ಇದ್ದಿಲು, ಉಪ್ಪು ತುಂಬಿ ಹೂತಿಟ್ಟ ಆ ಗುಂಡಿ ತೇವವಿದ್ದಷ್ಟು ಕಾಲ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ಮುರಕಲ್ಲಿನ ನೆಲ ಏಪ್ರಿಲ್, ಮೇ ತಿಂಗಳಲ್ಲಿ ಒಣಗಿ ಕಲ್ಲಾದಾಗ ವಾರಕ್ಕೊಮ್ಮೆ ಒಂದೆರಡು ಕೊಡ ನೀರು ಹೊಯ್ಯುವವರು ಎಷ್ಟು ಮಂದಿ? ಅದೇ ತಿಂಗಳುಗಳಲ್ಲಿ ಗುಡುಗುಮಿಂಚೂ ಹೆಚ್ಚು. ಅರ್ತಿಂಗ್ ಸರಿಯಿಲ್ಲದಿದ್ದರೆ ಹೋಗುವುದು ಟಚ್‌ಪ್ಯಾಡ್ ಒಂದೇ ಅಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನಾಲ್ಕನೆಯದು ತೇವ. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಸೀಮೆಯಲ್ಲಿ ಒಣಗಿದ ವಸ್ತುವೇ ಅಪರೂಪ. ಫಲಕದ ಮೇಲೆ ಕುಳಿತ ನೀರಿನ ಹನಿಯನ್ನೂ ಅದು ಬೆರಳೆಂದೇ ತಿಳಿಯುತ್ತದೆ; ನಿಜವಾದ ಬೆರಳು ಬಂದಾಗ ಗೊಂದಲಕ್ಕೆ ಬೀಳುತ್ತದೆ. ಯಂತ್ರವನ್ನು ಆರಿಸಿ, ಮೆತ್ತನೆಯ ಒಣ ಬಟ್ಟೆಯಿಂದ ಒರೆಸಿ, ಕೈಯನ್ನೂ ಒರೆಸಿಕೊಂಡರೆ ಎಷ್ಟೋ ಬಾರಿ ಅಷ್ಟೇ ಸಾಕು. ನೆನೆದ ವಸ್ತುವನ್ನು ಬಚ್ಚಲೊಲೆಯ ಬಳಿ ಒಣಗಿಸುವುದು ನಮ್ಮ ವಾಡಿಕೆ. ಲ್ಯಾಪ್‌ಟಾಪಿಗೆ ಮಾತ್ರ ಆ ಉಪಚಾರ ಬೇಡ. ಒಲೆಯ ಕಾವು ಬ್ಯಾಟರಿಗೆ ವಿಷ. ಚಹಾ, ಎಳನೀರು ಏನಾದರೂ ಒಳಗೆ ಇಳಿದಿದ್ದರೆ ಯಂತ್ರವನ್ನು ಕೂಡಲೇ ಆರಿಸಬೇಕು. ಬಿಚ್ಚಿ ಒಣಗಿಸುವ ತನಕ ಚಾಲೂ ಮಾಡಲೇಬಾರದು.

ಇಷ್ಟೆಲ್ಲ ಆದ ಬಳಿಕ ತಂತ್ರಾಂಶದ ಸರದಿ. ಯಂತ್ರವನ್ನು ಪೂರ್ತಿಯಾಗಿ ಆರಿಸಿ, ಚಾರ್ಜರ್ ಕಿತ್ತು, ಪವರ್ ಗುಂಡಿಯನ್ನು ಸುಮಾರು 30 ಸೆಕೆಂಡು ಒತ್ತಿಹಿಡಿದು ಬಿಟ್ಟು, ಮತ್ತೆ ಚಾಲೂ ಮಾಡುವುದು ಮೊದಲ ಉಪಾಯ. ಒಳಗೆ ಉಳಿದಿದ್ದ ವಿದ್ಯುತ್ತು ಬಸಿದುಹೋಗಿ, ಫಲಕದ ಚಿಪ್ಪು ಹೊಸದಾಗಿ ಲೆಕ್ಕ ಆರಂಭಿಸುತ್ತದೆ. ಅದೂ ಸಾಲದಿದ್ದರೆ ವಿಂಡೋಸ್ ಕೀಲಿಯೊಡನೆ ಎಕ್ಸ್ ಒತ್ತಿ, ಅನಂತರ ಎಂ ಒತ್ತಿದರೆ ಡಿವೈಸ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಟಚ್‌ಪ್ಯಾಡಿನ ಹೆಸರಿನ ಪಕ್ಕದಲ್ಲಿ ಹಳದಿ ಎಚ್ಚರಿಕೆಯ ಗುರುತಿದ್ದರೆ ಡ್ರೈವರಿಗೆ ತೊಂದರೆಯಾಗಿದೆ ಎಂದು ಅರ್ಥ. ಹೊಸ ಅಪ್‌ಡೇಟ್ ಬಂದ ಮರುದಿನವೇ ತೊಂದರೆ ತಲೆದೋರಿದ್ದರೆ ಹಿಂದಿನ ಡ್ರೈವರಿಗೆ ಮರಳಬಹುದು. ಇಲ್ಲವಾದರೆ ಅದನ್ನು ಅಲ್ಲಿಂದ ತೆಗೆದುಹಾಕಿ ಯಂತ್ರವನ್ನು ಮತ್ತೆ ಚಾಲೂ ಮಾಡಿದರೆ ಸಾಧಾರಣವಾಗಿ ವಿಂಡೋಸ್ ತಾನೇ ಅದನ್ನು ಗುರುತಿಸಿ ಸ್ಥಾಪಿಸಿಕೊಳ್ಳುತ್ತದೆ. ಈ ಹಂತಕ್ಕೆ ಕೆಲವು ನೂರು ರೂಪಾಯಿಯ ತಂತಿಯ ಮೌಸೊಂದನ್ನು ಎರವಲು ತಂದಿಟ್ಟುಕೊಂಡರೆ ಸುಖ.

ತಂತ್ರಾಂಶವೋ ಯಂತ್ರಾಂಶವೋ ಎಂಬ ಸಂದೇಹವನ್ನು ಬಗೆಹರಿಸಲು ಒಂದು ಅಂದವಾದ ಪರೀಕ್ಷೆಯಿದೆ. ಪೆನ್ ಡ್ರೈವಿನಲ್ಲಿ ತುಂಬಿಟ್ಟ ಲಿನಕ್ಸ್ ವ್ಯವಸ್ಥೆಯಿಂದ, ಏನನ್ನೂ ಸ್ಥಾಪಿಸದೆ, ಯಂತ್ರವನ್ನು ಎಬ್ಬಿಸಿ ನೋಡುವುದು. ಅಲ್ಲಿ ಟಚ್‌ಪ್ಯಾಡ್ ಓಗೊಟ್ಟರೆ ಫಲಕವೂ ತಂತಿಯೂ ಆರೋಗ್ಯವಾಗಿವೆ, ರೋಗ ವಿಂಡೋಸಿನಲ್ಲಿದೆ. ಅಲ್ಲಿಯೂ ಮೌನವಾದರೆ ಯಂತ್ರದ ಮೂಲ ಸಂಯೋಜನೆಯಾದ ಬಯಾಸಿನಲ್ಲಿ ಫಲಕವನ್ನು ನಿಲ್ಲಿಸಲಾಗಿದೆಯೆ ಎಂದು ನೋಡಬೇಕು. ಅದೂ ಅಲ್ಲವಾದರೆ ಪಟ್ಟಿತಂತಿ ಸಡಿಲವಾಗಿರಬೇಕು, ತೇವಕ್ಕೆ ಅದರ ತುದಿ ಕಿಲುಬು ಹಿಡಿದಿರಬೇಕು, ಇಲ್ಲವೆ ಫಲಕವೇ ಮುಗಿದಿರಬೇಕು. ತಿರುಪುಳಿ ಹಿಡಿದವರ ಬಳಿಗೆ ಹೋಗಬೇಕಾದುದು ಈಗ. ಆಗಲೂ ನಾವು ಬರಿಗೈಯಲ್ಲಿ ಹೋಗುವುದಿಲ್ಲ; ಇಂತಿಂಥ ಪರೀಕ್ಷೆ ಮಾಡಿದೆ, ಇಂತಿಂಥ ಉತ್ತರ ಬಂತು ಎಂಬ ತಿಳಿವಳಿಕೆಯೊಡನೆ ಹೋಗುತ್ತೇವೆ. ಹಾಗೆ ಬಂದವರಿಗೆ ಇಡೀ ಮದರ್‌ಬೋರ್ಡಿನ ಬೆಲೆ ಹೇಳಲು ಯಾರೂ ಬೇಗನೆ ಧೈರ್ಯ ಮಾಡುವುದಿಲ್ಲ.

ಐದು ಕೊಂಡಿಗಳಲ್ಲಿ ಇನ್ನು ಉಳಿದದ್ದು ಬೆರಳು. ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಏಕೆಂದರೆ ಅದು ಬರಿಯ ಯಂತ್ರದ ಮಾತಲ್ಲ.

ಬಂಟ್ವಾಳದ ಆಸುಪಾಸಿನ ಹಳ್ಳಿಗಳಲ್ಲಿ ಬೀಡಿ ಕಟ್ಟಿ ಸಂಸಾರ ಸಾಗಿಸಿದ ಹೆಂಗಸರನ್ನು ನೀವು ಬಲ್ಲಿರಿ. ಅಂಥ ಒಬ್ಬ ತಾಯಿಗೆ ಮಗಳು ತನ್ನ ಲ್ಯಾಪ್‌ಟಾಪಿನಲ್ಲಿ ಊರಿಂದ ದೂರವಿರುವ ಮಗನ ಚಿತ್ರಗಳನ್ನು ನೋಡಲು ಕಲಿಸುತ್ತಿದ್ದಳು. ಮಗಳ ಬೆರಳಿಗೆ ಬಾಣ ಓಡುತ್ತಿತ್ತು. ತಾಯಿಯ ಬೆರಳಿಗೆ ಅಲುಗಲಿಲ್ಲ. ಎರಡು ಮೂರು ಬಾರಿ ಪ್ರಯತ್ನಿಸಿ ಆಕೆ ಕೈ ಹಿಂದೆಗೆದುಕೊಂಡರು. "ನಮ್ಮಂಥವರ ಕೈಗೆ ಇದು ಹೇಳಿದ್ದಲ್ಲ ಮಗಾ" ಎಂದು ನಕ್ಕರು. ಆ ನಗೆ ನನಗೆ ಹಿತವಾಗಲಿಲ್ಲ. ಮೂವತ್ತು ವರ್ಷ ಎಲೆ ಸುರುಳಿ ಸುತ್ತಿ ನೂಲು ಬಿಗಿದ ಆ ಬೆರಳಿನ ತುದಿ ಒಣಗಿ ದಡ್ಡುಗಟ್ಟಿತ್ತು. ಫಲಕದ ವಿದ್ಯುತ್ ಕ್ಷೇತ್ರವನ್ನು ಸೆಳೆಯುವುದು ಬೆರಳಿನೊಳಗಿನ ತೇವದ ಮಾಂಸ. ಅದಕ್ಕೂ ಫಲಕಕ್ಕೂ ನಡುವೆ ದಪ್ಪನಾದ ಒಣಚರ್ಮದ ಗೋಡೆ ನಿಂತಾಗ ಆ ಸೆಳೆತ ಕುಗ್ಗುತ್ತದೆ. ಹೀಗಾಗಿ ಯಂತ್ರ ಆ ಬೆರಳನ್ನು ಬೆರಳೆಂದೇ ಒಪ್ಪಲಿಲ್ಲ. ಮೆಟ್ಟುಕತ್ತಿಯಲ್ಲಿ ಅಡಕೆ ಸುಲಿಯುವವರಿಗೆ, ರಬ್ಬರ್ ಮರ ಕೆತ್ತುವವರಿಗೆ, ಗಾರೆಯ ಕೆಲಸದವರಿಗೆ ಎಲ್ಲರಿಗೂ ಈ ಅನುಭವ ಆಗಬಹುದು. ಮೆತ್ತಗಿನ ಕೈಯ ಜನರು ಮೆತ್ತಗಿನ ಕೈಗಳನ್ನೇ ಅಳತೆಯಾಗಿಟ್ಟು ರಚಿಸಿದ ಸಾಧನ ಇದು. ದುಡಿದ ಕೈಯನ್ನು ಅದು ಗುರುತಿಸದೆ ಹೋದರೆ, ಕೊರತೆ ಸಾಧನದ ಅಳತೆಯಲ್ಲಿದೆ, ಕೈಯಲ್ಲಿಲ್ಲ.

ಪರಿಹಾರ ಕಷ್ಟದ್ದೇನಲ್ಲ. ಸೆಟ್ಟಿಂಗ್ಸಿನಲ್ಲಿ ಟಚ್‌ಪ್ಯಾಡಿನ ಸಂವೇದನೆಯನ್ನು ಎಲ್ಲಕ್ಕಿಂತ ಹೆಚ್ಚಿನ ಮಟ್ಟಕ್ಕೆ ಏರಿಸಿದೆವು. ಬೆರಳಿನ ತುದಿಯ ಬದಲು ಅದರ ಪಕ್ಕದ ಮೆತ್ತಗಿನ ಭಾಗವನ್ನು, ಒತ್ತದೆ, ಅಗಲವಾಗಿ ಊರುವಂತೆ ಹೇಳಿದೆ. ಒದ್ದೆ ಬಟ್ಟೆಗೆ ಬೆರಳನ್ನು ಮುಟ್ಟಿಸಿ ಒರೆಸಿಕೊಳ್ಳುವಂತೆಯೂ ಹೇಳಿದೆ; ನೀರು ಹನಿಯಬಾರದು, ಪಸೆಯಿದ್ದರೆ ಸಾಕು. ಬಾಣ ನಡುಗುತ್ತ ಹೊರಟು, ಮಗನ ಮುಖದ ಮೇಲೆ ಹೋಗಿ ನಿಂತಿತು. ಆಕೆ ಬಹಳ ಹೊತ್ತು ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ.

ಶ್ರೋತೃಗಳೆ, ಯಂತ್ರ ಓಗೊಡದೆ ಇದ್ದಾಗ ನಾವು ಎರಡು ಬಗೆಯಲ್ಲಿ ಎಡವುತ್ತೇವೆ. ಕೆಲವರು ಯಂತ್ರವನ್ನು ಗುದ್ದುತ್ತಾರೆ. ಕೆಲವರು ತಮ್ಮನ್ನೇ ಹಳಿದುಕೊಂಡು ದೂರ ಸರಿಯುತ್ತಾರೆ. ಎರಡನೆಯವರ ಸಂಖ್ಯೆ ನಮ್ಮ ಹಳ್ಳಿಗಳಲ್ಲಿ ಹೆಚ್ಚೆಂದು ನನ್ನ ಅನಿಸಿಕೆ, ಮತ್ತು ಅದರಿಂದಾಗುವ ನಷ್ಟವೂ ಹೆಚ್ಚಿನದು. ಅರ್ಜಿಯೂ ಪಿಂಚಣಿಯೂ ಮಕ್ಕಳ ಓದೂ ಈ ಪೆಟ್ಟಿಗೆಗಳ ಒಳಗೇ ಹೋಗಿ ಸೇರಿರುವ ಕಾಲದಲ್ಲಿ, ಅಂಗೈಯಗಲದ ಫಲಕವೊಂದರ ಮೌನಕ್ಕೆ ಅಂಜಿ ಹಿಂದೆ ಸರಿದವರು ಬಹಳಷ್ಟನ್ನು ಕಳೆದುಕೊಳ್ಳುತ್ತಾರೆ. ಅವರಿಗೆ ತಲುಪಬೇಕಾದ ಮಾತು ಇಷ್ಟೆ: ಮೊದಲು ಕಣ್ಣು, ಆಮೇಲೆ ಗುಂಡಿ, ಆಮೇಲೆ ವಿದ್ಯುತ್ತು ಮತ್ತು ತೇವ, ಅನಂತರ ತಂತ್ರಾಂಶ, ಕಟ್ಟಕಡೆಗೆ ತಿರುಪುಳಿ. ಒಬ್ಬರ ಬೆರಳಿಗೆ ಓಗೊಟ್ಟು ಇನ್ನೊಬ್ಬರ ಬೆರಳಿಗೆ ಓಗೊಡದಿದ್ದರೆ ಯಂತ್ರ ಚೆನ್ನಾಗಿದೆ, ಬೆರಳೂ ಚೆನ್ನಾಗಿದೆ. ಅವೆರಡರ ಪರಿಚಯವಷ್ಟೇ ಆಗಬೇಕು.

ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾದಿ ಗ್ರಂಥಗಳ ತಾಳೆಯೋಲೆಗಳು ಶತಮಾನಗಳ ಮಳೆಯನ್ನು ದಾಟಿ ಉಳಿದುಬಂದವು. ಜೈನರು ಜ್ಯೇಷ್ಠ ಶುದ್ಧ ಪಂಚಮಿಯನ್ನು ಶ್ರುತಪಂಚಮಿಯೆಂದು ಆಚರಿಸುತ್ತಾರೆ. ಶಾಸ್ತ್ರಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಶುಚಿಮಾಡಿ ಪೂಜಿಸುವ ದಿನ ಅದು. ಬರುವುದು ನಮ್ಮ ಮಳೆಗಾಲದ ಬಾಗಿಲಲ್ಲಿ. ನಮ್ಮ ಕಾಲದ ಓಲೆಗಳು ಲ್ಯಾಪ್‌ಟಾಪಿನ ಒಳಗಿವೆ. ವರ್ಷಕ್ಕೊಂದು ದಿನ ಅದನ್ನು ಮೇಜಿನ ಮೇಲಿಟ್ಟು, ಉಬ್ಬಿದೆಯೇ ಎಂದು ನೋಡಿ, ಫಲಕವನ್ನು ಒರೆಸಿ, ಬರೆದುದರ ಪ್ರತಿಯೊಂದನ್ನು ಬೇರೆಡೆ ತೆಗೆದಿಟ್ಟರೆ ಅದೂ ಅಂಥದೇ ಒಂದು ಸೇವೆ. ಅರ್ತಿಂಗ್ ಗುಂಡಿಗೆ ಎರಡು ಕೊಡ ನೀರು ಹೊಯ್ಯುವುದನ್ನು ಮಾತ್ರ ಮಳೆಗೆ ಕಾಯದೆ, ಬೇಸಗೆಯಲ್ಲೇ ಆರಂಭಿಸಿ.